ಗಾಳಿ ಸೋಕಿದವರ ಕಡೆಯಿಂದ ಒಂದು ಓದು

೧

ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಗಾಳಿ ಸೋಕುವುದು ಜಾಸ್ತಿ. ನಮ್ಮ ಕಡೆ ಅಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಮುಂಗಾರಿನ ಜಡಿಮಳೆಯಲ್ಲಿ ಬೆಳಗಾಗುವ ಮೊದಲೇ ಹೊಲಕ್ಕಿಳಿದು, ನೀರು ತೊಟ್ಟಿಕ್ಕುವ ಎಲೆಯನ್ನು ಕಂಕುಳಿಗೆ ಒತ್ತಿಕೊಂಡು ತಂದು, ಬ್ಯಾರನ್ ಮುಂದೆ ಕೂತು ಕಡ್ಡಿಗೆ ಕಟ್ಟುವವರು ನಮ್ಮ ಅವ್ವಂದಿರು, ಅಕ್ಕಂದಿರು. ಮಧ್ಯಾಹ್ನದ ಹೊತ್ತಿಗೆ ಅವರಲ್ಲೊಬ್ಬಳಿಗೆ ತಲೆ ಸುತ್ತುತ್ತದೆ. ವಾಂತಿ ಬರುತ್ತದೆ. ಎದೆ ಡವಡವ ಅನ್ನುತ್ತದೆ. 'ಹುಣಸೆಮರದ ಬುಡದಲ್ಲಿ ಬಂದ್ಲಲ್ಲ, ಸೋಕದೆ ಕಣವ್ವ' ಅನ್ನುತ್ತಾರೆ. ಇಳಿ ತೆಗೆಯುತ್ತಾರೆ, ಅಂತ್ರ ಕಟ್ಟಿಸುತ್ತಾರೆ. ಮಾರನೆಯ ದಿನಕ್ಕೆ ಅವಳು ಎದ್ದು ಕೂರುತ್ತಾಳೆ. ಅಂತ್ರ ಕಟ್ಟಿದವನ ಹೆಸರು ನಾಕು ಊರಿಗೆ ಹಬ್ಬುತ್ತದೆ. ಅವಳು ಮತ್ತೆ ಹೊಲಕ್ಕೆ ಹೋಗುತ್ತಾಳೆ. ಮತ್ತೆ ಗಾಳಿ.

ಹಸಿ ಹೊಗೆಸೊಪ್ಪಿನ ಮೇಲಿನ ನೀರಿನಲ್ಲಿ ಎಲೆಯ ನಿಕೋಟಿನ್ ಕರಗಿ, ಒದ್ದೆ ಬಟ್ಟೆಯ ಮೂಲಕ ಚರ್ಮಕ್ಕೆ ಇಳಿದು ನೆತ್ತರಿಗೆ ಸೇರುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ತಲೆಸುತ್ತು, ವಾಂತಿ, ಎದೆಬಡಿತ, ಸುಸ್ತು ಇವೇ ಅದರ ಗುರುತು. ಹೆಚ್ಚಿನ ಸಲ ಒಂದು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಎಲೆ ಒಣಗಿದ ಮೇಲೆ ಮುರಿದರೆ, ತೋಳು ಮುಚ್ಚುವ ಬಟ್ಟೆ ತೊಟ್ಟರೆ, ಒದ್ದೆಯಾದದ್ದನ್ನು ಬದಲಿಸಿ ಸೋಪು ಹಚ್ಚಿ ತೊಳೆದರೆ ಬಹಳಷ್ಟು ತಪ್ಪುತ್ತದೆ. ಇಷ್ಟು ಸಣ್ಣ ವಿಷಯ ನಮಗೆ ತಿಳಿದದ್ದು ಡಿಗ್ರಿ ಮುಗಿದ ಮೇಲೆ. ತಂಬಾಕು ಮಂಡಳಿ ಶುರುವಾದದ್ದು ೧೯೭೬ರಲ್ಲಿ. ಹರಾಜು ಕಟ್ಟೆಯಲ್ಲಿ ಎಲೆಯ ಬಣ್ಣ ನೋಡುತ್ತಾರೆ, ಹದ ನೋಡುತ್ತಾರೆ, ಕೆ.ಜಿ.ಗೆ ರೇಟು ಕೂಗುತ್ತಾರೆ. ಎಲೆ ಕಟ್ಟಿದ ಕೈ ಯಾವ ಗ್ರೇಡಿಗೂ ಸೇರಿಲ್ಲ.

ಈ ಹೆಂಗಸನ್ನು ಮೂರು ಜನ ಓದುತ್ತಾರೆ. ಮಂತ್ರಗಾರ ಅವಳಲ್ಲಿ ಪೀಡೆಯನ್ನು ಓದುತ್ತಾನೆ. ಪೇಟೆಯ ವಿಚಾರವಾದಿ ಮೌಢ್ಯವನ್ನು ಓದುತ್ತಾನೆ. ಟೇಪ್ ರೆಕಾರ್ಡರ್ ಹಿಡಿದು ಬರುವ ವಿದ್ವಾಂಸ ಜಾನಪದ ಸಿರಿಯನ್ನು ಓದುತ್ತಾನೆ. 'ಯಾವ ಹೊತ್ತಿಗೆ ಹೊಲಕ್ಕೆ ಹೋಗಿದ್ದೆ ತಾಯಿ? ಬೆಳಿಗ್ಗೆ ಏನಾರ ಉಂಡಿದ್ದಾ?' ಎಂದು ಮೂವರಲ್ಲಿ ಒಬ್ಬರೂ ಕೇಳುವುದಿಲ್ಲ. ಹಾಗೆಂದು ನಮ್ಮ ಕೇರಿಯ ನೋವೆಲ್ಲ ಸೋಪು ನೀರಿನಲ್ಲಿ ಹೋಗುವಂಥದ್ದೂ ಅಲ್ಲ. ಎಲೆಯಿಂದ ಬಂದದ್ದು ಒಂದು ದಿನಕ್ಕೆ ಇಳಿಯುತ್ತದೆ. ತಲೆಮಾರಿನಿಂದ ಬಂದದ್ದು ಇಳಿಯುವುದಿಲ್ಲ. ಆ ಎರಡನೆಯ ಗಾಳಿಯನ್ನು ನಮ್ಮ ಸಾಹಿತ್ಯ ಹೇಗೆ ಕಂಡಿದೆ, ನಮ್ಮ ಚಳವಳಿ ಹೇಗೆ ಕಂಡಿದೆ, ನಮ್ಮ ದೇವರು ಹೇಗೆ ಕಂಡಿದೆ ಎಂದು ಕೇಳುವುದು ಈ ಬರಹದ ಕೆಲಸ.

೨

ನಮ್ಮ ಜೊತೆ ಹಾಸ್ಟೆಲ್ಲಿನಲ್ಲಿದ್ದ ಒಬ್ಬ ಗೆಳೆಯನಿದ್ದ. ಅವನ ಹೆಸರು ಇಲ್ಲಿ ಬೇಡ. ಆಲನಹಳ್ಳಿ ಶ್ರೀಕೃಷ್ಣರ 'ಕಾಡು' ಕಾದಂಬರಿಯನ್ನು ನಮ್ಮ ಕೈಗೆ ಮೊದಲು ಕೊಟ್ಟವನು ಅವನೇ. 'ನಮ್ಮ ಸೀಮೆ ಮನುಷ್ಯ ಬರ್ದವ್ನೆ, ಓದ್ರೊ' ಎಂದಿದ್ದ. ೧೯೭೩ರಲ್ಲಿ ಗಿರೀಶ ಕಾರ್ನಾಡರು ಸಿನಿಮಾ ಮಾಡಿದ ಕಥೆ ಅದು. ಹುಡುಗ ಕಿಟ್ಟಿಯ ಕಣ್ಣಿನಿಂದ ನಡೆಯುವ ಕಥೆ. ಕಾಡಿನಲ್ಲೊಂದು ಹಕ್ಕಿ ಇದೆ, ಅದು ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವನು ಉಳಿಯುವುದಿಲ್ಲ ಎಂಬ ಭಯ ಕಿಟ್ಟಿಯ ಎದೆಯಲ್ಲಿ ಕೂತಿದೆ. ಗಂಡ ಪಕ್ಕದೂರಿನ ಹೆಂಗಸಿನ ಕಡೆ ಹೋದದ್ದನ್ನು ಹೇಳಿಕೊಳ್ಳಲು ಜಾಗವಿಲ್ಲದ ಕಮಲಿ ಮಂತ್ರಗಾರನ ಕಡೆ ನಡೆಯುತ್ತಾಳೆ.

ಈ ಕೃತಿಯ ದೊಡ್ಡತನ ಎಲ್ಲಿದೆ ಎಂದರೆ, ಕಮಲಿಯನ್ನು ಅದು ಮೂಢೆ ಎಂದು ನೋಡುವುದಿಲ್ಲ. ಅವಳ ಮಾತು ಕೇಳುವ ಕಿವಿ ಆ ಮನೆಯಲ್ಲಿಲ್ಲ, ಆ ಊರಿನಲ್ಲಿಲ್ಲ. ದುಡ್ಡು ಕೊಟ್ಟರೆ ಕೇಳುವ ಒಂದು ಕಿವಿ ಮಂತ್ರಗಾರನದು. ಮಂತ್ರಗಾರ ಮಾರುವುದು ಮಂತ್ರವನ್ನಲ್ಲ, ಕಿವಿಯನ್ನು. ಇದನ್ನು ಅರ್ಥ ಮಾಡಿಕೊಳ್ಳದೆ ಯಾವ ವಿಚಾರವಾದವೂ ನಮ್ಮ ಹೆಂಗಸರ ಹತ್ತಿರ ಸುಳಿಯಲಾರದು.

ಆದರೆ ಕಾದಂಬರಿಯ ಕಣ್ಣು ಗೌಡರ ಮನೆಯ ಹುಡುಗನ ಕಣ್ಣು. ಕಾಡು ಅವನಿಗೆ ಹೊರಗಿನದು, ಕತ್ತಲಿನದು. ಕಾಡೇ ಮನೆಯಾದವರಿಗೆ ಆ ಹಕ್ಕಿ ಏನು? ಕೇರಿಯ ಹುಡುಗನನ್ನು ಅದು ಏನೆಂದು ಕರೆಯುತ್ತದೆ? ಈ ಪ್ರಶ್ನೆ ನಮಗೆ ತರಗತಿಯಲ್ಲಿ ಹುಟ್ಟಲಿಲ್ಲ. ಡಿಗ್ರಿಯ ಎರಡನೆಯ ವರ್ಷದಲ್ಲಿ ಗೆಳೆಯನಿಗೆ ದನಿ ಕೇಳಿಸಲು ಶುರುವಾಯಿತು. ರಾತ್ರಿ ಎದ್ದು ಕೂರುತ್ತಿದ್ದ. 'ಯಾರೋ ಕರೀತಾವ್ರೆ' ಅನ್ನುತ್ತಿದ್ದ. 'ಕಿಟ್ಟಿಯ ಹಕ್ಕಿ ಏನೊ?' ಎಂದು ನಾವು ನಕ್ಕೆವು. ಅವನು ನಗಲಿಲ್ಲ. 'ಅದು ಹೆಸರು ಹಿಡ್ದು ಕರೀತದೆ. ಇದು ಜಾತಿ ಹಿಡ್ದು ಕರೀತದೆ' ಅಂದ.

ದನಿ ಕೇಳಿಸುವ ಕಾಯಿಲೆಗೆ ಜಾತಿಯಿಲ್ಲ, ಧರ್ಮವಿಲ್ಲ. ಅದು ಅಗ್ರಹಾರಕ್ಕೂ ಬರುತ್ತದೆ, ಅಮೆರಿಕಕ್ಕೂ ಬರುತ್ತದೆ. ಆದರೆ ಆ ದನಿ ಆಡುವ ಮಾತನ್ನು ಕಲಿಸುವುದು ಊರು. ಅವನು ಹುಟ್ಟಿದಂದಿನಿಂದ ಟೀ ಅಂಗಡಿ ಮುಂದೆ, ಗದ್ದೆ ಬದುವಿನ ಮೇಲೆ ಕೇಳಿಸಿಕೊಂಡ ಮಾತನ್ನೇ ಅದು ಕತ್ತಲಲ್ಲಿ ವಾಪಸ್ ಆಡುತ್ತಿತ್ತು. ಜಾತಿ ಎಂಬುದು ಕೆಡವಬಹುದಾದ ಇಟ್ಟಿಗೆಗೋಡೆಯಲ್ಲ, ಮನಸ್ಸಿನೊಳಗೆ ಕೂತಿರುವ ಸ್ಥಿತಿ ಎಂಬುದನ್ನು ಬಾಬಾಸಾಹೇಬರು ೧೯೩೬ರಲ್ಲೇ ಹೇಳಿದ್ದರು. ನಾವು ಅದನ್ನು ಸವರ್ಣೀಯರ ಮನಸ್ಸಿನ ಬಗ್ಗೆ ಮಾತ್ರ ಎಂದುಕೊಂಡು ಭಾಷಣ ಮಾಡುತ್ತಿದ್ದೆವು. ನಮ್ಮ ಮನಸ್ಸಿನೊಳಗೂ ಅದು ಬಾಡಿಗೆ ಕೊಡದೆ ವಾಸ ಮಾಡುತ್ತದೆ ಎಂದು ಗೆಳೆಯ ತೋರಿಸಿಕೊಟ್ಟ.

೩

ಇನ್ನು ನಮ್ಮ ತಪ್ಪಿನ ಮಾತು. ಅವನ ಅವ್ವ ಅವನನ್ನು ಗುಡ್ಡಪ್ಪನ ಹತ್ತಿರ ಕರೆದುಕೊಂಡು ಹೋದಳು. ತಡೆ ಒಡೆಸಿದಳು. ಅಲ್ಲಿಂದ ಇನ್ನೊಬ್ಬನ ಹತ್ತಿರ. ಅವನು ಹುಣಸೆ ಬರಲಿನಲ್ಲಿ ಹೊಡೆದ. ನಮಗೆ ಸುದ್ದಿ ತಿಳಿದು ನಾಕು ಜನ ಹೋದೆವು. ಹೋದವರು ಮಾಡಿದ್ದೇನು? ಆ ತಾಯಿಯ ಮುಂದೆ ನಿಂತು ಮೌಢ್ಯ, ಪುರೋಹಿತಶಾಹಿ, ಶೋಷಣೆ ಎಂದು ಒಂದು ಗಂಟೆ ಕೂಗಿದೆವು. ಅವಳು ಒಂದೇ ಮಾತು ಕೇಳಿದಳು: 'ಆಯ್ತಪ್ಪ, ಎಲ್ಲಿಗ್ ಕರ್ಕಂಡೋಗ್ಲಿ ಹೇಳಿ.' ನಮಗೆ ಗೊತ್ತಿರಲಿಲ್ಲ. ಕಾರ್ಲ್ ಮಾರ್ಕ್ಸ್ ಗೊತ್ತಿದ್ದರು. ಹತ್ತಿರದ ಮನೋವೈದ್ಯರು ಯಾವ ಊರಲ್ಲಿ ಯಾವ ದಿನ ಕೂರುತ್ತಾರೆ ಎಂದು ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಅವಳು ಮಗನನ್ನು ಮಂತ್ರಗಾರನಿಂದ ಅಲ್ಲ, ನಮ್ಮಿಂದ ಮುಚ್ಚಿಟ್ಟಳು. ಚಿಕಿತ್ಸೆ ಸಿಗುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು. ಇಂಥ ಕಾಯಿಲೆಯಲ್ಲಿ ಮದ್ದು ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು ಎಂದು ಆಮೇಲೆ ಕಲಿತೆವು.

ಈ ಸಿಟ್ಟನ್ನು ಇಟ್ಟುಕೊಂಡೇ ನಮ್ಮ ವೈಚಾರಿಕ ಪರಂಪರೆಯನ್ನು ನೋಡಬೇಕು. ೧೯೭೬ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ಅದರ ಧೈರ್ಯಕ್ಕೆ ನಾವು ಋಣಿಗಳು. ಪವಾಡಪುರುಷನಿಗೆ ಸವಾಲು ಹಾಕುವುದು ಮೇಲಕ್ಕೆ ಎಸೆದ ಕಲ್ಲು. ಕೇರಿಯ ತಾಯಿಗೆ ಅದೇ ದನಿಯಲ್ಲಿ ಸವಾಲು ಹಾಕುವುದು ಕೆಳಕ್ಕೆ ಎಸೆದ ಕಲ್ಲು. ಕಲ್ಲು ಒಂದೇ ಆದರೂ ಬೀಳುವ ತಲೆ ಬೇರೆ.

೧೯೮೬ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಿಲ್ಲಿಸಲು ಹೋದ ದಲಿತ ಸಂಘರ್ಷ ಸಮಿತಿಯ ಗೆಳೆಯರನ್ನು ಹೊಡೆದು ಬೆತ್ತಲೆ ಮಾಡಿದರು. ಆ ಘಟನೆಯ ನೆಲೆಯಲ್ಲಿ ಯು.ಆರ್. ಅನಂತಮೂರ್ತಿಯವರು ಬೆತ್ತಲೆ ಪೂಜೆ ಯಾಕೆ ಕೂಡದು ಎಂದು ತಮ್ಮನ್ನೇ ಕೇಳಿಕೊಂಡರು. ನಂಬುವವನ ಲೋಕವನ್ನು ಆಧುನಿಕನು ಸುಲಭವಾಗಿ ತಳ್ಳಿಹಾಕಬಾರದು ಎಂಬ ಅವರ ತಳಮಳ ಪ್ರಾಮಾಣಿಕವಾದದ್ದು. ಆದರೆ ಆ ತಳಮಳವನ್ನು ಪಡಬಲ್ಲವನು ಬಟ್ಟೆ ತೊಟ್ಟುಕೊಂಡು ದಡದಲ್ಲಿ ನಿಂತವನು. ಬೆತ್ತಲೆ ನಡೆಯಬೇಕಾದ ಹುಡುಗಿಯ ಮನಸ್ಸಿನಲ್ಲಿ ಆ ದಿನ ಏನಿತ್ತು, ಆಮೇಲೆ ಅವಳಿಗೆ ನಿದ್ದೆ ಬಂತೆ, ಇದನ್ನು ಕೇಳದ ಅಧ್ಯಾತ್ಮ ಅರ್ಧ ಅಧ್ಯಾತ್ಮ. ಇದನ್ನು ಕೇಳದ ವಿಚಾರವಾದವೂ ಅರ್ಧವೇ.

೪

ಹಾಗಾದರೆ ಮೈಮೇಲೆ ಬರುವುದೆಲ್ಲ ರೋಗವೆ? ಸಿದ್ಧಲಿಂಗಯ್ಯನವರ 'ಅವತಾರಗಳು' ೧೯೮೧ರಲ್ಲಿ ಬಂತು. ನಮ್ಮ ದೇವರುಗಳ ಬಗ್ಗೆ ನಗುತ್ತ, ಆದರೆ ನಮ್ಮ ಜನರನ್ನು ಗೇಲಿ ಮಾಡದೆ ಬರೆಯಬಹುದು ಎಂದು ತೋರಿಸಿದ ಪುಸ್ತಕ ಅದು. ಸಿದ್ಧಲಿಂಗಯ್ಯನವರು ಹೇಳುತ್ತಿದ್ದ, ದೇವನೂರ ಮಹಾದೇವ ಅವರು ಮತ್ತೆ ಮತ್ತೆ ನೆನೆಯುವ ಮನೆಮಂಚಮ್ಮನ ಕಥೆ ಈಗ ಮೇಷ್ಟ್ರುಗಳ ಬಾಯಲ್ಲೆಲ್ಲ ಇದೆ. ಊರಿನವರು ದೇವಿಗೆ ಗುಡಿ ಕಟ್ಟಲು ಹೋದಾಗ ಅವಳು ಒಬ್ಬನ ಮೈಮೇಲೆ ಬಂದು ತಡೆದಳು; ಊರಿನಲ್ಲಿ ಎಲ್ಲರಿಗೂ ಮನೆಯಾಗುವ ತನಕ ತನಗೆ ಮನೆ ಬೇಡ ಎಂದಳು; ಗುಡಿಗೆ ಚಾವಣಿ ಇಲ್ಲದೆ ಹೋಯಿತು.

ಇದನ್ನು ಮನೋರೋಗ ಎನ್ನುವವನು ಮೊದಲು ತನ್ನನ್ನು ತೋರಿಸಿಕೊಳ್ಳಬೇಕು. ಪಂಚಾಯ್ತಿ ಕಟ್ಟೆ ಹತ್ತಲಾರದವನು, ಗೌಡನ ಮುಂದೆ ತಲೆ ಎತ್ತಲಾರದವನು, ದೇವಿಯ ಬಾಯಿಂದ ಊರಿಗೇ ಆಜ್ಞೆ ಮಾಡುತ್ತಾನೆ. ನಮ್ಮ ಹೆಂಗಸರೂ ಹಾಗೆಯೇ. ಗಂಡ ಕುಡಿದು ಬಂದು ಒದೆಯುವ ಮನೆಯಲ್ಲಿ, ಪಿರಿಯಾಪಟ್ಟಣದ ಮಸಣಿಕಮ್ಮನ ಹೆಸರಲ್ಲಿ ಅವಳು ಕೂಗಿದ ದಿನ ಅದೇ ಗಂಡ ಕೈಮುಗಿದು ನಿಲ್ಲುತ್ತಾನೆ. ವರ್ಷಕ್ಕೊಂದು ದಿನವಾದರೂ ಅವಳ ಮಾತು ಮಾತಾಗುತ್ತದೆ.

ಆದರೆ ಗೆಳೆಯರೆ, ಈ ಕಥೆಯನ್ನು ಚಪ್ಪಾಳೆಗೆ ಹೇಳುವಾಗ ನಾವು ಒಂದು ಮರೆಯುತ್ತೇವೆ. ಆ ಕೂಗು ಅವಳ ಹೆಸರಿನಲ್ಲಿಲ್ಲ, ದೇವಿಯ ಹೆಸರಿನಲ್ಲಿದೆ. ದೇವಿ ಇಳಿದ ಮೇಲೆ ಅವಳು ಮತ್ತೆ ಅದೇ ಒಲೆಯ ಮುಂದೆ ಕೂರುತ್ತಾಳೆ. ಬಾಯಿ ಬಿಡಲು ದೇವರೇ ಬರಬೇಕಾದ ಸಮಾಜ ಆರೋಗ್ಯದ ಸಮಾಜವಲ್ಲ. ಇನ್ನೊಂದು, ಎಲ್ಲ ದನಿಯೂ ಮಂಚಮ್ಮನಲ್ಲ. ಮಂಚಮ್ಮ ಊರಿನ ಪರವಾಗಿ ಮಾತಾಡಿದಳು. ನಮ್ಮ ಗೆಳೆಯನ ದನಿ ಅವನಿಗೆ ಸಾಯಿ ಎಂದಿತು. ಎರಡನ್ನೂ 'ದೇಸಿ ಅನುಭವ' ಎಂದು ಒಂದೇ ಮಂಕರಿಗೆ ಹಾಕುವ ವಿಮರ್ಶೆ ಜನರನ್ನು ಕೊಲ್ಲುವ ವಿಮರ್ಶೆ. ಬಾಯಿಗೆ ಬಂದ ಮಾತು ಅವಳನ್ನು ನಾಕು ಜನರ ನಡುವೆ ತಂದು ನಿಲ್ಲಿಸಿತೋ, ಅಥವಾ ಜನರಿಂದ ಎಳೆದು ಒಂಟಿ ಮಾಡಿತೋ? ಊಟ, ನಿದ್ದೆ, ಕೆಲಸ ಉಳಿಯಿತೋ, ಹೋಯಿತೋ? ಇದನ್ನು ನೋಡಲು ಯಾವ ಡಿಗ್ರಿಯೂ ಬೇಡ. ನಮ್ಮ ಅವ್ವಂದಿರಿಗೆ ಈ ವ್ಯತ್ಯಾಸ ಗೊತ್ತು.

೫

ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿಯಲ್ಲಿ, ಕಾವೇರಿ ದಡದಲ್ಲಿ, ರಾಚಪ್ಪಾಜಿಯ ಗದ್ದುಗೆ ಇದೆ. ಶಿವರಾತ್ರಿ ಹೊತ್ತಿಗೆ ಶುರುವಾಗುವ ಜಾತ್ರೆಗೆ ಕೇರಿ ಕೇರಿಯೇ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತದೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯವನ್ನು ನಾವು ಕೇಳಿದ್ದು ಪುಸ್ತಕದಿಂದಲ್ಲ, ಹೊಳೆ ಮರಳಿನ ಮೇಲೆ ಅವ್ವನ ತೊಡೆಯಲ್ಲಿ ಮಲಗಿ.

ಆ ಕಾವ್ಯದಲ್ಲಿ ಮಂಟೇದಯ್ಯ ಕಲ್ಯಾಣಕ್ಕೆ ಬರುವುದು ಹೊಳೆಯುವ ಮೈಯಲ್ಲಿ ಅಲ್ಲ. ಕೊಳೆತ ಮೈ, ನಾರುವ ಗಾಯ. ಸುಳ್ಳು ಶರಣರು ಮೂಗು ಮುಚ್ಚಿಕೊಂಡು ಓಡುತ್ತಾರೆ. ಯಾರು ಅಸಹ್ಯಪಡದೆ ಹತ್ತಿರ ಬಂದರೋ ಅವರೇ ನಿಜದ ಶರಣರು. ರೋಗಿಯನ್ನು ಹೊರಗೆ ಹಾಕುವವನು ಧರ್ಮಿಯಲ್ಲ ಎಂದು ಇಷ್ಟು ಖಡಾಖಂಡಿತವಾಗಿ ಹೇಳಿದ ಇನ್ನೊಂದು ಕಾವ್ಯ ನಮಗೆ ಗೊತ್ತಿಲ್ಲ. ಇದು ನಮ್ಮ ಪರಂಪರೆಯ ಬಲ.

ಆದರೆ ಅದೇ ಕಾವ್ಯದ ಇನ್ನೊಂದು ಮುಖ ನೋಡಿ. ಸಿದ್ದಪ್ಪಾಜಿಯನ್ನು ಶಿಶುಮಗನಾಗಿ ಕೊಡಲು ಒಪ್ಪದ ಮನೆಗೆ ಕಷ್ಟದ ಮೇಲೆ ಕಷ್ಟ. ಒಪ್ಪಿದ ಮೇಲೂ ಮಗನಿಗೆ ಪರೀಕ್ಷೆಯ ಮೇಲೆ ಪರೀಕ್ಷೆ; ಹಲಗೂರಿನ ಪಾಂಚಾಳರ ಮುಂದೆ ಕಬ್ಬಿಣದ ಭಿಕ್ಷೆಗೆ ನಿಂತು ಅವನು ಪಟ್ಟ ಪಾಡು. ಕಾವ್ಯವಾಗಿ ಇದು ದೊಡ್ಡದು. ಜಾತಿಯ ಸೊಕ್ಕನ್ನು ಮುರಿಯುವ ಕಥೆ ಅದು. ಆದರೆ ಅದೇ ತರ್ಕ ಮನೆಗೆ ಬಂದಾಗ ಏನಾಗುತ್ತದೆ? ನಮ್ಮ ಗೆಳೆಯನ ಅವ್ವ ಒಂದೂವರೆ ವರ್ಷ ಇದನ್ನೇ ಹೇಳಿಕೊಂಡಳು: 'ಧರೆಗೆ ದೊಡ್ಡವ್ರು ಪರೀಕ್ಸೆ ಮಾಡ್ತಾವ್ರೆ ಕಣಪ್ಪ.' ಸಂಕಟಕ್ಕೆ ಅರ್ಥ ಕೊಡುವುದು ಧರ್ಮದ ದೊಡ್ಡ ಶಕ್ತಿ. ಆ ಅರ್ಥದಿಂದಲೇ ನಮ್ಮ ಜನ ಇಷ್ಟು ಕಾಲ ಹುಚ್ಚರಾಗದೆ ಬದುಕಿದ್ದಾರೆ. ಆದರೆ ಅರ್ಥ ಸಿಕ್ಕಿತೆಂದು ಮದ್ದು ನಿಲ್ಲಿಸಿದರೆ ಆ ಅರ್ಥವೇ ಸಂಕೋಲೆ.

ಇದಕ್ಕೆ ನೆರೆಯ ತಮಿಳುನಾಡಿನ ಎರಡು ಸಂಗತಿ ಸಾಕ್ಷಿ. ೨೦೦೧ರ ಆಗಸ್ಟ್ ೬ರಂದು ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಹೆಸರಿನ ಆಸರೆಯಲ್ಲಿ ನಡೆಯುತ್ತಿದ್ದ ಒಂದು ಮನೆಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ೨೮ ಮಂದಿ ಓಡಲಾರದೆ ಸತ್ತರು. ಅದರ ಮರುವರ್ಷ, ೨೦೦೨ರಲ್ಲಿ, ನಿಮ್ಹಾನ್ಸ್‌ನ ವೈದ್ಯರು ಸೇರಿ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ತಮಿಳುನಾಡಿನದೇ ಮುತ್ತುಸ್ವಾಮಿಯ ಗುಡಿಯೊಂದರಲ್ಲಿ ಬಂದು ತಂಗಿದ್ದ, ತೀವ್ರ ಮನೋರೋಗದ ೩೧ ಜನರನ್ನು ಅವರು ನೋಡಿದ್ದರು. ಸರಾಸರಿ ಆರು ವಾರ ಅಲ್ಲಿದ್ದವರ ಕಾಯಿಲೆಯ ಗುರುತುಗಳು ಅಳತೆಯಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಇಳಿದಿದ್ದವು. ಅಲ್ಲಿ ಹೊಡೆತವಿರಲಿಲ್ಲ, ಬಲವಂತವಿರಲಿಲ್ಲ. ಜೊತೆಗೆ ಮನೆಯವರಿದ್ದರು. ಗುಡಿಯ ಸಣ್ಣಪುಟ್ಟ ಕೆಲಸವಿತ್ತು. ಹುಚ್ಚ ಎಂದು ಕರೆಯುವವರಿರಲಿಲ್ಲ.

೩೧ ಜನರ ಅಧ್ಯಯನ ಸಣ್ಣದು, ಅದರಿಂದ ಗುಡಿಯೇ ಆಸ್ಪತ್ರೆ ಎಂದು ಸಾಧಿಸಲಾಗದು. ಇಳಿಯದೆ ಉಳಿದ ಪಾಲೇ ದೊಡ್ಡದು. ಆದರೂ ಒಂದು ಪಾಠವಿದೆ. ಏರ್ವಾಡಿಯಲ್ಲೂ ನಂಬಿಕೆ ಇತ್ತು, ಈ ಗುಡಿಯಲ್ಲೂ ನಂಬಿಕೆ ಇತ್ತು. ನಡುವೆ ಇದ್ದ ವ್ಯತ್ಯಾಸ ದೇವರದಲ್ಲ, ಸರಪಳಿಯದು. ಕಪ್ಪಡಿಯ ಮರಳಿನ ಮೇಲೆ ನಮ್ಮ ಅವ್ವಂದಿರಿಗೆ ಹಗುರವಾಗುವುದೂ ಹೀಗೆಯೇ. ಹದಿನೈದು ಜನ ಒಂದೇ ಒಲೆಯಲ್ಲಿ ಬೇಯಿಸಿ ತಿನ್ನುತ್ತಾರೆ, ರಾತ್ರಿಯೆಲ್ಲ ಹಾಡು ಕೇಳುತ್ತಾರೆ, ಯಾರದೋ ಹೆಗಲ ಮೇಲೆ ಅಳುತ್ತಾರೆ.

೬

ಎಚ್.ಡಿ. ಕೋಟೆಯ ಹಾಡಿಗಳಿಗೆ ಹೋದರೆ ಗಾಳಿಗೆ ಬೇರೆ ಅರ್ಥ. ಕಬಿನಿ ಅಣೆಕಟ್ಟು ೧೯೭೪ರಲ್ಲಿ ಮುಗಿಯಿತು. ನೀರಿಗೆ ಒಂದಷ್ಟು, ಹುಲಿಗೆ ಒಂದಷ್ಟು ಎಂದು ಜೇನುಕುರುಬರನ್ನೂ ಬೆಟ್ಟಕುರುಬರನ್ನೂ ಕಾಡಿನಿಂದ ತೆಗೆದರು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಕಡೆ ಸಾಲುಮನೆ ಕೊಟ್ಟರು. ಜನ ಬಂದರು, ದೇವರು ಬರಲಿಲ್ಲ. ದೇವರಿರುವ ಮರ, ಹಿರೀಕರನ್ನು ಮಣ್ಣು ಮಾಡಿದ ಜಾಗ ಕಾಡಿನಲ್ಲೇ ಉಳಿಯಿತು. ಅಲ್ಲಿಗೆ ಹೋಗಿ ಕೈಮುಗಿದರೆ ಅತಿಕ್ರಮಣ. ೨೦೨೫ರ ಮೇ ತಿಂಗಳಲ್ಲಿ ನಾಗರಹೊಳೆಯ ಕೊಡಗಿನ ಕಡೆಗಿರುವ ಕರಡಿಕಲ್ಲು ಅತ್ತೂರುಕೊಲ್ಲಿಗೆ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ತಾವಾಗಿಯೇ ವಾಪಸ್ ಹೋಗಿ ಗುಡಿಸಲು ಹಾಕಿದವು. ಅವರು ಕೇಳಿದ್ದು ಬರೀ ಭೂಮಿಯಲ್ಲ, ತಮ್ಮ ಹಿರೀಕರ ಜೊತೆ ಇರುವ ಹಕ್ಕನ್ನು. ಇವರ ಸಂಕಟಕ್ಕೆ ಬರೀ ಗುಳಿಗೆ ಬರೆದುಕೊಡುವ ವೈದ್ಯ ಅರಣ್ಯ ಇಲಾಖೆಗೆ ಸಹಾಯ ಮಾಡಿದ ಹಾಗೆ.

ಅಲ್ಲಿಂದ ಬಸ್ಸಿನಲ್ಲಿ ಬೈಲಕುಪ್ಪೆಗೆ ಬನ್ನಿ. ೧೯೬೦ರ ದಶಕದಲ್ಲಿ ಊರು ಕಳೆದುಕೊಂಡು ಬಂದ ಟಿಬೆಟ್ಟಿನವರು ಪಿರಿಯಾಪಟ್ಟಣ ತಾಲ್ಲೂಕಿನ ಆ ಕಾಡು ಕಡಿದು ಊರು ಕಟ್ಟಿದರು. ಅವರ ವೈದ್ಯಪದ್ಧತಿಯಲ್ಲಿ ಚಿಂತೆ, ದುಃಖ, ನಿದ್ದೆಗೇಡುಗಳಿಗೆ 'ಲುಂಗ್' ಕೆಟ್ಟದ್ದು ಕಾರಣ ಎನ್ನುತ್ತಾರೆ. ಲುಂಗ್ ಅಂದರೆ ಗಾಳಿ! ನಮ್ಮ ಅವ್ವ ಹೇಳಿದ್ದೂ ಅದೇ ಮಾತು. ಅವರ ವೈದ್ಯರು ನಾಡಿ ಹಿಡಿದು ಊಟ ಕೇಳುತ್ತಾರೆ, ನಿದ್ದೆ ಕೇಳುತ್ತಾರೆ, ದುಃಖ ಕೇಳುತ್ತಾರೆ. ಅದು ಒಳ್ಳೆಯದೇ. ನಮ್ಮ ತಕರಾರು ಅವರ ಮೇಲಲ್ಲ. ಅವರ ಗಾಳಿಯನ್ನು ಪ್ರಾಚೀನ ಜ್ಞಾನ ಎಂದು ದೂರದಿಂದ ಕಲಿಯಲು ಬರುವ ಲೋಕ, ಹತ್ತು ಮೈಲಿ ಆಚೆಯ ಹೊಗೆಸೊಪ್ಪಿನ ಹೊಲದಲ್ಲಿ ಕುಸಿದವಳ ಗಾಳಿಯನ್ನು ಮೌಢ್ಯ ಎನ್ನುತ್ತದಲ್ಲ, ಅದರ ಮೇಲೆ. ಉಳ್ಳವರು ಕಣ್ಣು ಮುಚ್ಚಿ ಕೂತರೆ ಅಧ್ಯಾತ್ಮ. ಇಲ್ಲದವರು ಕಣ್ಣು ಮೇಲೆ ಮಾಡಿದರೆ ರೋಗ. ಬಾಬಾಸಾಹೇಬರು ೧೯೫೬ರಲ್ಲಿ ನಾಗಪುರದಲ್ಲಿ ಬುದ್ಧನ ಕಡೆ ನಡೆದದ್ದು ಈ ಎರಡನ್ನೂ ಒಪ್ಪದೆ. ಅವರ ಬುದ್ಧ ಕಣ್ಣು ತೆರೆದ ಬುದ್ಧ. ನೋವಿಗೆ ಕಾರಣವಿದೆ, ಆ ಕಾರಣ ಹಣೆಬರಹವಲ್ಲ ಎನ್ನುವ ಬುದ್ಧ.

೭

ವಿಮರ್ಶೆ ಮಾಡುವವನು ಕೊನೆಗೆ ಒಂದು ಕೆಲಸದ ಮಾತನ್ನಾದರೂ ಹೇಳಬೇಕು. ೨೦೧೭ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ಸರ್ಕಾರಿ ಚಿಕಿತ್ಸೆ ಅವನ ಹಕ್ಕು. ಸಾಯಲು ಹೊರಟು ಉಳಿದವನನ್ನು ತೀವ್ರ ಒತ್ತಡದಲ್ಲಿದ್ದವನು ಎಂದು ಕಾಣಬೇಕೇ ಹೊರತು ಅಪರಾಧಿ ಎಂದಲ್ಲ. ಅದೇ ವರ್ಷ ನಮ್ಮ ರಾಜ್ಯ ಮಾಡಿದ, ೨೦೨೦ರಲ್ಲಿ ಜಾರಿಗೆ ಬಂದ ವಾಮಾಚಾರ ತಡೆ ಕಾಯ್ದೆಯಲ್ಲಿ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಅಪರಾಧ. ೧೪೪೧೬ ನಂಬರಿಗೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಹಳ್ಳಿಯ ಮೇಷ್ಟ್ರುಗಳು ಇದನ್ನು ಶಾಲೆಯ ಗೋಡೆಯ ಮೇಲೆ ಬರೆಯಲಿ. ನಮ್ಮ ಸಂಘದ ಗೆಳೆಯರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ದಿನ ಕೇಳಿಕೊಂಡು ಕೇರಿಗೆ ಹೇಳಲಿ. ಸಿಗದಿದ್ದರೆ ಅದಕ್ಕಾಗಿ ಧರಣಿ ಕೂರಲಿ. ಜಾತಿನಿಂದನೆ ನಿಲ್ಲಿಸುವ ಹೋರಾಟವೂ ಮನಸ್ಸಿನ ಮದ್ದೇ ಎಂಬುದನ್ನು ಮರೆಯದಿರಲಿ.

ಗೆಳೆಯ ಈಗ ಊರಲ್ಲಿದ್ದಾನೆ. ಎರಡು ಹೊತ್ತು ಗುಳಿಗೆ ನುಂಗುತ್ತಾನೆ. ಎರಡು ಹಸು ಕಟ್ಟಿದ್ದಾನೆ. ದನಿ ದೂರ ಹೋಗಿದೆ, ಪೂರ್ತಿ ಹೋಗಿಲ್ಲ. ಪುಸ್ತಕ ಹಿಡಿದರೆ ಅಕ್ಷರ ನಿಲ್ಲುವುದಿಲ್ಲ ಅನ್ನುತ್ತಾನೆ. ಹೋದ ಶಿವರಾತ್ರಿಗೆ ಅವನ ಅವ್ವ ಕಪ್ಪಡಿಗೆ ಕರೆದಳು. ಅವನು ಹೊರಟ, ನಾವೂ ಹೊರಟೆವು. ರಾತ್ರಿ ಹೊಳೆ ಮರಳಿನ ಮೇಲೆ ನೀಲಗಾ​ರರು ಹಾಡುತ್ತಿದ್ದರು. ಅವ್ವ ಗದ್ದುಗೆಯ ಕಪ್ಪುಧೂಳ್ತವನ್ನು ಅವನ ಹಣೆಗೆ ಇಟ್ಟಳು. ಆಮೇಲೆ ಸೀರೆ ಸೆರಗಿನ ಗಂಟು ಬಿಚ್ಚಿ, ರಾತ್ರಿಯ ಗುಳಿಗೆಯನ್ನು ತೆಗೆದು ಅವನ ಅಂಗೈಗೆ ಹಾಕಿ, ನೀರಿನ ಚೊಂಬು ಕೊಟ್ಟಳು. 'ಎರಡೂ ತಕ್ಕೊ ಮಗ' ಅಂದಳು.

ನಾವು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಸರಿಯಾದ ಮಾತು ಇರಲಿಲ್ಲ.